ಹೆಗಲಿನ ತಕರಾರು

ಹೆಗಲ ಬ್ಯಾನಿ ಅಂತ ಬಂದಿದ್ದ ಸಾತಲಿಂಗ.
ಹತ್ತು ದಿವಸ ಊರಾಗ ಎಣ್ಣಿ ತಿಕ್ಕಿಸಿ,
ಉಪ್ಪಿನ ಗಂಟಿನಿಂದ ಕಾಸಿಸಿಕೊಂಡು,
ಸಂಜಿಗೆ ಥಂಡಿ, ರಾತ್ರಿ ಅರಿವಿ ಹಿಂಡುವಷ್ಟು ಬೆವರು,
ಆಮ್ಯಾಲೆ ಅಕ್ಕಲಕೋಟಿ ಬಸ್ಸು, ಆಮ್ಯಾಲೆ ನಮ್ಮ ವಾರ್ಡು.

ಸೊಲ್ಲಾಪುರ ಸಿವಿಲ್ಲಿನಾಗ ನಾ ಮಾವಶಿ.
ಬೆಡ್‌ಪ್ಯಾನ್ ತೊಳಿಯೂದು ಕೆಲಸ.
ಕನ್ನಡದ ಪೇಶಂಟ್ ಬಂದ್ರ ನಾಲಿಗಿನೂ ನಂದ.

ಘೋಂಗಡೆ ಮ್ಯಾಡಮ್ ಹೆಗಲ ಮುಟ್ಟಲೇ ಇಲ್ಲ.
ಬಲಗಡೆ ಪಕ್ಕಡಿಯ ಎರಡು ಎಲಬಿನ ನಡುವ
ಒಂದ ಬೆರಳ ಇಟ್ಟು ಒತ್ತಿದ್ರು.
ಕಾಟ ಕಿರ್ರಂತು. ಅಂವ ಹಾರಿ ಕುಂತ.
"ಕೇಳ್ರಿ ಮಾವಶಿ, ಹಿಂದ ಆಂವ ಆಗಿತ್ತೇನು? ರಕ್ತ?"
ಹೆಂಡತಿ ಕಡೆ ನೋಡಿ, ಹೌದಂದ.
"ಸಿಂದಿ?"
ಅದನ್ನ ಹೆಂಡತಿನ ಹೇಳಿದಳು.

ಕತ್ತಲ ಖೋಲಿಯೊಳಗ ತಣ್ಣನ ಜೆಲ್ಲಿ ಹಚ್ಚಿ
ಹೊಟ್ಟಿ ಮ್ಯಾಲೆ ಯಂತ್ರ ಆಡಿಸಿದ್ರು.
ಬೂದಿ ಬಣ್ಣದ ನಡುವ ದುಂಡಗ ಒಂದು ಕರೀ ಬಾವಿ.
"ಯಕೃತ್" ಅಂದ್ರು ಮ್ಯಾಡಮ್. "ಕಾಳಜ" ಅಂದೆ ನಾ.
ಲಾಯವ್ವ ಎದಿ ಹಿಡಕೊಂಡಳು: "ಎದಿಯಾಗ ಕೀವ?"
ಎದಿಯಲ್ಲವ್ವ, ಕುರಿ ಕೊಯ್ದಾಗ
ಮೊದಲ ಹುರೀತೀವಲ್ಲ, ಅದು.
"ಹಂಗಾರ ಹೆಗಲ್ಯಾಕ ನೂಸಬೇಕು?"
ಏನು ಹೇಳ್ಲಿ. ನಮ್ಮೂರ ಬೈತದ ಕನ್ನಡದಾಗ,
ಹೊಲದ ಉತಾರ ಬರ್ತದ ಮರಾಠಿಯೊಳಗ.
ಒಂದು ಕಡೆ ಕೆಡ್ತದ,
ತಕರಾರು ಇನ್ನೊಂದು ಕಚೇರಿಗೆ ಹೋಗ್ತದ.

ಗುಳಿಗಿ, ಸಲೈನ್. ಮೂರು ದಿವಸಾದ್ರೂ ಜ್ವರ ಇಳೀಲಿಲ್ಲ.
ಒಡದ್ರ ಹೊಟ್ಟಿ ತುಂಬ ಹರಿತದ ಅಂದ್ರು,
ಪರದೆ ಮ್ಯಾಲೆ ಕಣ್ಣಿಟ್ಟು ಉದ್ದನ ಸೂಜಿ ಇಳಿಸಿದ್ರು.
ಬಾಟ್ಲಿಗೆ ಬಂದದ್ದು ಹಳದಿ ಅಲ್ಲ,
ಸಕ್ಕರಿ ಫ್ಯಾಕ್ಟರಿ ಕಾಕಂಬಿಯಂಥಾದ್ದು,
ನಾನೂರು ಎಂ.ಎಲ್.
ರೂಢಿಯಿಂದ ಮೂಗಿಗೆ ಸೆರಗು ಹಿಡಿದಿದ್ದೆ.
"ವಾಸನಿ ಅದ ಏನ್ರಿ, ಮಾವಶಿ? ನನಗ ನೆಗಡಿ."
ಸೆರಗು ಸರಿಸಿದೆ. ಬಗ್ಗಿ ಮೂಸಿದೆ.
ಇಲ್ಲ.
"ಛಲೋ ಆತು" ಅಂದು ಬರಕೊಂಡ್ರು ಕೇಸ್‌ಪೇಪರಿನಾಗ.
ಇಪ್ಪತ್ತೆರಡು ವರ್ಷದಾಗ
ನನ್ನ ಮೂಗನ್ನ ಯಾರೂ ಕೇಳಿರಲಿಲ್ಲ.

ಬಾಯೆಲ್ಲ ತುಕ್ಕ ಹಿಡದಂಗ ಆಗ್ಯದ ಅಂತ
ಗುಳಿಗಿಗೆ ಬೈದ. ಬೈತ ಬೈತ ಎದ್ದು ಕುಂತ.
ಒಂಬತ್ತನೇ ದಿವಸ ಅಂಗಿ ತೋಳಿಗೆ ತಾನ ಕೈ ಹಾಕಿ,
"ಹೆಗಲ ಛಲೋ ಮಾಡಿದ್ರಿ" ಅಂತ ಕೈ ಮುಗದ.

ಮ್ಯಾಡಮ್ ಹೇಳಿದ್ರು: ಕರುಳಿನಾಗ ಉಳದದ್ದಕ್ಕ
ಇನ್ನೊಂದು ಗುಳಿಗಿ, ಹತ್ತು ದಿವಸ, ಬಿಡಬಾರದು.
ನೀರು ಕುದಿಸಿ ಕುಡೀಬೇಕು.
ಎಲ್ಲಾ ಹೇಳಿದೆ.
ಅವರು ಹೇಳದ್ದೂ ಒಂದು ಸೇರಿಸಿದೆ:
ಜೀವ ಇರೂತನಕ ಸಿಂದಿ ಮುಟ್ಟಿದ್ರ
ಈ ಸೂಜಿ ಮತ್ತ ಅಲ್ಲೇ ಇಳಿತದಂತ.
ಲಾಯವ್ವ ನನ್ನನ್ನ ನೋಡಿದಳು.
ಘೋಂಗಡೆ ಮ್ಯಾಡಮ್ ತಲಿ ಹಾಕಿದ್ರು,
ಕನ್ನಡ ಒಂದು ಅಕ್ಷರ ಬರದಿದ್ರೂ.