ಕಾಪಿ

ನಮ್ಮ ಕೊಲ್ಲಿಯಲ್ಲಿ ಆ ಆಟಕ್ಕೆ ಕಾಪಿ ಎಂದೇ ಹೆಸರು.
ನ್ಯೂಫೌಂಡ್‌ಲ್ಯಾಂಡಿನ ಏಪ್ರಿಲ್. ಉತ್ತರದ ಮಂಜುಗಡ್ಡೆ
ಒಡೆದು, ತೇಲಿ ಬಂದು, ಬಂದರಿನ ಬಾಯಿ ಮುಚ್ಚುವ ಕಾಲ.
ಅಪ್ಪಂದಿರು ದೋಣಿ ಮಗುಚಿ ತಳಕ್ಕೆ ಡಾಂಬರು ಬಳಿಯುತ್ತಿದ್ದರು,
ಅಮ್ಮಂದಿರ ಗಂಟಲು ಕಿಟಕಿಯಲ್ಲೇ ಕೂಗಿ ಕೂಗಿ ಕಟ್ಟಿತ್ತು.
ಮುಂದಿನವನು ಯಾವ ಗಡ್ಡೆಗೆ ಹಾರುತ್ತಾನೋ
ಹಿಂದಿನವನು ಅದಕ್ಕೇ ಹಾರಬೇಕು.
ಅಷ್ಟೇ ನಿಯಮ. ಬರೆದಿಟ್ಟವರು ಯಾರೂ ಇಲ್ಲ.

ಎಲ್ಲರಿಗಿಂತ ಮುಂದೆ ಹೆಡ್ಲಿ. ಹದಿನೈದು ವರ್ಷ,
ಮೂಗಿನ ಕೆಳಗೆ ಮಸಿ ಒರೆಸಿದಷ್ಟು ಮೀಸೆ.
ಅವನ ಹಿಂದೆ ಲಿಯಾಂಡರ್, ಗಾರ್ಲೆಂಡ್,
ಆಮೇಲೆ ಡಾರ್ಕಸ್, ಅಕ್ಕನ ತುಟಿಬಣ್ಣ ಕದ್ದು ಹಚ್ಚಿಕೊಂಡು,
ಆ ಚಳಿಯಲ್ಲೂ ಕೋಟಿನ ಗುಂಡಿ ಬಿಚ್ಚಿಟ್ಟುಕೊಂಡು,
ಏಕೆಂದರೆ ಆ ವರ್ಷ ಯಾರೂ ಗುಂಡಿ ಹಾಕುತ್ತಿರಲಿಲ್ಲ.
ನಾನೂ ಹಾಕಿರಲಿಲ್ಲ. ಕೆಮ್ಮಿ ಕೆಮ್ಮಿ ಎದೆ ನೋಯುತ್ತಿತ್ತು.

ದಡದಲ್ಲಿ ಉಳಿದವರು ಇಬ್ಬರು: ನಾನು, ಸೆಲ್ಬಿ.

ಸೆಲ್ಬಿ ಬೂಟಿನ ತುದಿಯಿಂದ ಗಡ್ಡೆಯ ಅಂಚು ಒತ್ತಿ ನೋಡಿದ,
ಅಂಗಡಿಯಲ್ಲಿ ಬ್ರೆಡ್ಡು ಒತ್ತಿ ನೋಡುವ ಹಾಗೆ.
"ಮೆತ್ತಗಿದೆ, ವರ್ನಾ," ಅಂದ. ಇನ್ನೇನೂ ಅನ್ನಲಿಲ್ಲ.
ನನ್ನ ಮುಖ ನೋಡಿದ.

ಹಾರು ಎಂದು ಯಾರೂ ಹೇಳಲಿಲ್ಲ, ಅದನ್ನು ಮರೆಯಬಾರದು.
ಬಲವಂತ ಮಾಡಿದ್ದರೆ ಅಮ್ಮನಿಗೆ ಹೇಳಬಹುದಿತ್ತು,
ಬೈದಿದ್ದರೆ ತಿರುಗಿ ಬೈಯಬಹುದಿತ್ತು.
ಅವರು ಸುಮ್ಮನೆ ನಿಂತಿದ್ದರು, ಗಡ್ಡೆಯ ಮೇಲೆ ಓಲಾಡುತ್ತಾ.
ಡಾರ್ಕಸ್ ಗಾರ್ಲೆಂಡನ ಕಿವಿಯಲ್ಲಿ ಏನೋ ಅಂದಳು,
ಅವನು ನಕ್ಕ.
ಅದು ನನ್ನ ಬಗ್ಗೆ ಇರಲಿಕ್ಕಿಲ್ಲ.
ಇರಲಿಕ್ಕಿಲ್ಲ ಎಂದು ನಲವತ್ತು ವರ್ಷ ಕಳೆದ ಮೇಲೆ ಅನ್ನಬಹುದು.
ಹತ್ತರಲ್ಲಿ ಹನ್ನೊಂದಾದರೆ ಯಾರ ಕಣ್ಣಿಗೂ ಬೀಳುವುದಿಲ್ಲವಂತೆ;
ನಾವಿದ್ದದ್ದೇ ಆರು ಜನ.

ಹಾರಿದೆ.

ಗಾಳಿಯಲ್ಲಿ ಇದ್ದದ್ದು ಒಂದು ಸೀನಿನಷ್ಟು ಹೊತ್ತು.
ನೀರಿನ ಭಯ ಅಷ್ಟರಲ್ಲಿ ಬರಲೇ ಇಲ್ಲ;
ಹಾರುವಾಗ ಹೇಗೆ ಕಾಣುತ್ತಿದ್ದೇನೋ ಎಂಬುದೊಂದೇ ಚಿಂತೆ.
ಮೊಣಕಾಲವರೆಗೆ ಮುಳುಗಿ ಎದ್ದೆ. ಅಣ್ಣನ ಒಂದು ಬೂಟು ಕಡಲಿಗೆ.
ಎಲ್ಲರೂ ಚಪ್ಪಾಳೆ ತಟ್ಟಿದರು. ಅಯ್ಯೋ, ಆ ಚಪ್ಪಾಳೆ!
ಅಷ್ಟು ಬೆಚ್ಚಗಿನದು ಆಮೇಲೆ ಯಾವುದೂ ಸಿಕ್ಕಿಲ್ಲ ನನಗೆ,
ಗಂಡನಾಣೆ.

ತಿರುಗಿ ನೋಡಿದರೆ ಸೆಲ್ಬಿ
ದಡದ ಕಲ್ಲುಗಳ ಮೇಲೆ ಮನೆ ಕಡೆ ನಡೆಯುತ್ತಿದ್ದ,
ಕೈ ಜೇಬಿನಲ್ಲಿ, ಓಡದೆ.
ಒಣಗಾಲ ಎಂದು ಹೆಸರಿಟ್ಟೆವು. ಇಟ್ಟವಳು ನಾನೇ.
ಒದ್ದೆ ಕಾಲ್ಚೀಲದವಳಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು ಅದು?
ಹದಿನೇಳಕ್ಕೆ ಅವನು ಊರು ಬಿಡುವವರೆಗೂ
ಶಾಲೆಯ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ.

ಹೋದ ಚಳಿಗಾಲ ಹೆಡ್ಲಿ ಆಸ್ಪತ್ರೆಯಲ್ಲಿದ್ದ, ಮೂಗಿಗೆ ಕೊಳವೆ.
ಚಮಚದಲ್ಲಿ ಜೆಲ್ಲಿ ಅಲುಗಿಸುತ್ತಾ ತಾನಾಗಿಯೇ ಎತ್ತಿದ ಆ ಮಾತು:
"ಮೂರನೇ ಗಡ್ಡೆಯಲ್ಲೇ ನನ್ನ ಚಡ್ಡಿ ಒದ್ದೆಯಾಗಿತ್ತು ಕಣೇ.
ಕಡಲ ನೀರಲ್ಲ ಅದು.
ಹಿಂದೆ ನೀವೆಲ್ಲ ಬರುತ್ತಲೇ ಇದ್ದಿರಿ. ನಾನು ಹೇಗೆ ನಿಲ್ಲಲಿ?"

ಅವನನ್ನು ನೋಡಿ ನಾವು, ನಮ್ಮನ್ನು ನೋಡಿ ಅವನು.
ಎಲ್ಲರೂ ಕಾಪಿ ಹೊಡೆಯುತ್ತಿದ್ದೆವು;
ಉತ್ತರ ಮಾತ್ರ ಯಾರ ಹಾಳೆಯಲ್ಲೂ ಇರಲಿಲ್ಲ.

ಇಬ್ಬರು ದಡದಲ್ಲಿ ನಿಂತಿದ್ದರೆ ಅದೂ ಒಂದು ಗುಂಪೇ.
ಸೆಲ್ಬಿ ನನ್ನ ಮುಖ ನೋಡಿದ್ದು ಅದಕ್ಕೇ ಇರಬೇಕು.

ಈಗ ಆ ಬಸ್ಸು ಓಡಿಸುವವಳು ನಾನು.
ಗಡ್ಡೆಗಳು ಮೊದಲಿನಷ್ಟು ಬರುವುದಿಲ್ಲ. ಮಕ್ಕಳ ಕೈಯಲ್ಲಿ ಫೋನು.
ಕನ್ನಡಿಯಲ್ಲಿ ಕಾಣುತ್ತದೆ, ಕೊನೆಯ ಸೀಟಿನಲ್ಲಿ
ಒಂದು ಪರದೆಯ ಸುತ್ತ ಏಳು ತಲೆ. ಒಟ್ಟಿಗೆ ನಗುತ್ತವೆ.
ಒಬ್ಬಳು ಮಾತ್ರ ಅರೆಕ್ಷಣ ತಡವಾಗಿ,
ಮೊದಲು ಪಕ್ಕದವರ ಬಾಯಿ ನೋಡಿ, ಆಮೇಲೆ.
ಹೊರಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ.
ಅವಳ ಕೋಟಿನ ಗುಂಡಿ ಒಂದೂ ಹಾಕಿಲ್ಲ.

ನಾನು ಏನೂ ಹೇಳುವುದಿಲ್ಲ.
ಹೀಟರಿನ ಗುಂಡಿಯನ್ನು
ಇನ್ನೊಂದು ಸುತ್ತು ತಿರುಗಿಸುತ್ತೇನೆ.