ಬಾನೆಟ್ ಮುಟ್ಟಿ ನೋಡು

ಬೆಳಿಗ್ಗೆ ಐದೂವರೆಗೆ, ಹೇಳದೆ ಹೋಗಬೇಕು, ತಮ್ಮಾ.
ಹೇಳಿ ಹೋದರೆ ಎಂಜಿನ್ ಬಿಸಿ ಮಾಡಿಟ್ಟಿರುತ್ತಾರೆ;
ಬಿಸಿ ಎಂಜಿನ್ ಎಲ್ಲದಕ್ಕೂ ಹೂಂ ಅನ್ನುತ್ತದೆ,
ತಣ್ಣಗಿದ್ದಾಗಲೇ ಕೆಮ್ಮುವುದು.
ಮೊದಲು ಬಾನೆಟ್ ಮೇಲೆ ಅಂಗೈ ಇಡು,
ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

ಶೇಕುಂಞಿಯದನ್ನು ನಾವು ನೋಡಿದ್ದು ಶಾರ್ಜಾದಲ್ಲಿ,
ಇಂಡಸ್ಟ್ರಿಯಲ್ ಏರಿಯಾದ ಹಿಂದಿನ ಮರಳು ಬಯಲಲ್ಲಿ.
ಎರಡು ಸಾವಿರದ ಎಂಟರ ಮಾಡೆಲ್ಲು, ಬಿಳಿ.
ಗಾಜಿನ ಮೇಲೆ ಸಾಬೂನಿನಲ್ಲಿ ಒಂಬತ್ತು ಸಾವಿರ,
ಕೆಳಗಿನ ಫೋನ್ ನಂಬರಿನಲ್ಲಿ ಒಂದು ಅಂಕಿ ಅಳಿಸಿತ್ತು.
ಶೇರ್ ಜಮಾನ್ ರೂಮು ಬಿಟ್ಟಾಗಿತ್ತು, ಗಾಡಿಯಲ್ಲೇ ಮಲಗುತ್ತಿದ್ದ.
ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಸುಲೇಮಾನಿ ಕುಡಿಯುತ್ತ
"ದೇಖೋ" ಅಂದ. ಅಷ್ಟೆ.

ನನ್ನ ಜೇಬಲ್ಲಿ ಸದಾ ಒಂದು ಅಯಸ್ಕಾಂತ, ಹಳೇ ಸ್ಪೀಕರಿನದು,
ಬನಿಯನ್ ಬಟ್ಟೆಯಲ್ಲಿ ಸುತ್ತಿದ್ದು.
ಅಂಟಿದರೆ ತಗಡು, ಜಾರಿದರೆ ಪುಟ್ಟಿ.
ಎಡ ಬಾಗಿಲಲ್ಲಿ ಮೊಳದಷ್ಟು ಜಾರಿತು.
"ಒಂಟೆ" ಅಂದ ಶೇರ್ ಜಮಾನ್.
ಐನೂರು ಇಳಿಸಿದೆ.

ಮಲಗಿ ಅಡಿಗೆ ನುಗ್ಗು, ಪ್ಯಾಂಟಿನ ಚಿಂತೆ ಬಿಡು.
ಮೀನು ಹೊತ್ತ ಗಾಡಿಯೋ ಅಂತ ಮೂಗನ್ನು ಕೇಳು;
ಐಸಿನ ಉಪ್ಪುನೀರು ಚಾಸಿಯನ್ನು ಗೆದ್ದಲಿನ ಹಾಗೆ
ಒಳಗಿಂದೊಳಗೇ ತಿಂದಿರುತ್ತದೆ. ಸ್ಪ್ಯಾನರಲ್ಲಿ ಬಡಿ:
ಠಣ್ ಅಂದರೆ ಸರಿ, ದಪ್ ಅಂದರೆ ಎದ್ದು ಬಾ.
ಇದು ಠಣ್ ಅಂದಿತು.
ಆದರೆ ಹಿಂದಿನ ಪಟ್ಟಾ ಎಣಿಸಿದೆ: ಕಂಪನಿಯದಕ್ಕಿಂತ ಎರಡು ಹೆಚ್ಚು.
ಒಂದು ಟನ್ನಿನ ಬೆನ್ನಿಗೆ ಮೂರು ಟನ್ ಹೇರಿದ್ದಾನೆ.
"ಸಿಮೆಂಟಾ?"
"ಸಿಮೆಂಟು, ಖರ್ಜೂರ, ಒಮ್ಮೆ ಒಂದು ಇಡೀ ಮದುವೆ."
ಇನ್ನೊಂದು ಐನೂರು.

ಸೀಟ್ ಬೆಲ್ಟನ್ನು ಬುಡದವರೆಗೂ ಎಳೆ.
ದೊಡ್ಡ ಮಳೆಗೆ ಮುಳುಗಿದ್ದರೆ ಅಲ್ಲೊಂದು ಕೆಸರಿನ ಗೆರೆ;
ಶಾಂಪೂ ಹಾಕಿ ತೊಳೆಯುವವನಿಗೆ ಅಷ್ಟುದ್ದ ಎಳೆಯುವ ತಾಳ್ಮೆ ಇರುವುದಿಲ್ಲ.
ಮೀಟರು ಒಂದೂಕಾಲು ಲಕ್ಷ ಅಂದಿತು.
ಕ್ಲಚ್ಚಿನ ರಬ್ಬರು ಸವೆದು ಕಬ್ಬಿಣ ಇಣುಕುತ್ತಿತ್ತು.
ಎಣ್ಣೆ ಮುಚ್ಚಳದೊಳಗೆ ಮಜ್ಜಿಗೆಯ ಬಣ್ಣ ಕಂಡರೆ ಮಾತು ಮುಗಿಯಿತು,
ಚಹಾ ಕುಡಿದು ಮನೆಗೆ ಹೋಗು.
ಟೈರಿನ ಮೇಲಿನ ನಾಲ್ಕಂಕಿ ಓದು, ವಾರ ಮತ್ತು ವರ್ಷ;
ಎಷ್ಟೇ ಕಪ್ಪು ಬಳಿದರೂ ಹಳೇ ರಬ್ಬರು
ಜುಲೈ ಮಧ್ಯಾಹ್ನ ತನ್ನ ವಯಸ್ಸು ಹೇಳಿಬಿಡುತ್ತದೆ.
ಮುಲ್ಕಿಯಾದ ಚಾಸಿ ನಂಬರನ್ನು ಬೆರಳಿಟ್ಟು ಓದು,
ಕಣ್ಣನ್ನು ನಂಬಬೇಡ.

ನಾನು ಮೊದಲ ಸಲ ಬರುವಾಗ ಮುಂಬೈಯಲ್ಲಿ ಒಬ್ಬ
ಹೀಗೇ ನನ್ನ ಕಣ್ಣುರೆಪ್ಪೆ ಎಳೆದು ನೋಡಿದ್ದ,
ಎದೆಯ ಫಿಲ್ಮು ಬೆಳಕಿಗೆ ಹಿಡಿದಿದ್ದ.
ಸೊಂಟದಲ್ಲಿ ನೋವಿದೆ ಅಂತ ನಾನು ಹೇಳಲಿಲ್ಲ.
ಅವನೂ ಕೇಳಲಿಲ್ಲ.

ಹೊಗೆ ನೋಡಿಯಾಯಿತು, ಎಸಿ ನೋಡಿಯಾಯಿತು.
ಶೇರ್ ಜಮಾನ್ ನ್ಯಾಷನಲ್ ಪೇಂಟ್ಸ್ ತನಕ ಓಡಿಸಿ ತೋರಿಸಿದ,
ಬಲ ಮೊಣಕಾಲನ್ನು ಗೇರಿನ ದಂಡಕ್ಕೆ ಆನಿಸಿಕೊಂಡು.
ಸಂಧಿವಾತ ಇರಬೇಕು ಅಂದುಕೊಂಡೆ.
ವಾಪಸು ನಾನು ಓಡಿಸಿದೆ, ಏನೂ ತೊಂದರೆಯಿಲ್ಲ.
ಏಳು ಸಾವಿರದ ಇನ್ನೂರೈವತ್ತಕ್ಕೆ ಒಪ್ಪಿದ.
ವೀಸಾ ಕ್ಯಾನ್ಸಲ್ಲು, ಮೂರು ದಿನಕ್ಕೆ ಪೇಶಾವರದ ಟಿಕೆಟ್ಟು.

ಮರುದಿನ ಗಾಡಿ ಶೇಕುಂಞಿಯ ಹೆಸರಿಗಾಯಿತು.
ನೋಟು ಎರಡು ಸಲ ಎಣಿಸಿ, ಕಮೀಜಿನ ಒಳಜೇಬಿಗೆ ಸೇರಿಸಿ,
ಜೇಬಿನ ಮೇಲೊಮ್ಮೆ ತಟ್ಟಿ,
ಆಮೇಲೆ ಕಿಟಕಿಗೆ ಬಗ್ಗಿದ:
"ಮಸಾಫಿ ಏರಲ್ಲಿ, ಲೋಡಿದ್ದಾಗ, ಮೂರನೇ ಗೇರು ಜಾರುತ್ತದೆ.
ಮೊಣಕಾಲಲ್ಲಿ ಹಿಡಿದುಕೋ.
ಆರು ವರ್ಷ ನಾನು ಹಿಡಿದಿದ್ದೇನೆ."

ಶೇಕುಂಞಿ ನನ್ನ ಮುಖ ನೋಡಿದ.
ನಾನು ಜೇಬಿನ ಅಯಸ್ಕಾಂತ ಮುಟ್ಟಿಕೊಂಡೆ.
ಕನ್ನಡಿಯಲ್ಲಿ ಅವನು ಬಸ್ ಸ್ಟಾಪಿನ ಕಡೆಗೆ
ಬಲಗಾಲನ್ನು ಕೊಂಚ ಹೊರಗೆ ಎಸೆಯುತ್ತ ನಡೆದುಹೋದ.

ರೌಂಡಬೌಟ್ ದಾಟಿ ಶೇಕುಂಞಿ ಮೂರಕ್ಕೆ ಹಾಕಿದ.
ಹಿಂದೆ ಖಾಲಿ, ಮುಂದೆ ಅಂಗೈಯಷ್ಟು ಸಪಾಟು ರಸ್ತೆ.
ಆದರೂ ನೋಡು, ಆಗಲೇ
ಮೊಣಕಾಲು ಆನಿಸಿಕೊಂಡು ಕೂತಿದ್ದ.