ಹವಾಮಾನದ ನಕ್ಷೆಯಲ್ಲೊಂದು ಚುಕ್ಕೆ

ಚಾನೆಲಿನ ಮೂವತ್ತನೇ ವರ್ಷಕ್ಕೆ ಇಪ್ಪತ್ತು ನಿಮಿಷದ ಚಿತ್ರ.
ಅದರಲ್ಲಿ ಅವನ ಮುಖ ಇರಕೂಡದೆಂದು
ಮೇಲಿನಿಂದ ಚೀಟಿ ಬಂದಿದೆ, ಸಹಿಯಿಲ್ಲದೆ.
ನಾನು ಕಪಿತೊಲಿನಾ, ಟೇಪುಗಳ ಕೋಣೆಯವಳು,
ಮಾಸ್ಕೋದ ಈ ನೆಲಮಾಳಿಗೆಯಲ್ಲಿ ಕೂತೇ
ಮೂರು ಮಂದಿ ಯಜಮಾನರನ್ನು ಕಂಡವಳು.
ಕತ್ತರಿ ಎನ್ನುವುದು ಹಳೆಯ ಬಾಯಿಯ ರೂಢಿ,
ಈಗ ಬರೀ ಒಂದು ಗುಂಡಿ.

ಮೊದಲ ಸುರುಳಿ ನಮ್ಮದಲ್ಲ, ಅವನೇ ತಂದಿಟ್ಟದ್ದು:
ಎಪ್ಪತ್ತೊಂಬತ್ತು, ಸೈಬೀರಿಯಾ, ಕೆಲ್ಮಿ-ಯೋಗನ್, ಜೌಗು.
ಚಿತ್ರದ ತುಂಬ ಗೀರು; ನೋಡಿದರೆ ಗೀರಲ್ಲ, ಸೊಳ್ಳೆ.
ಬಾವಿ ಉಗುಳಿದ ಮೊದಲ ಕಲ್ಲೆಣ್ಣೆಯನ್ನು
ಒಬ್ಬರ ಕೆನ್ನೆಗೊಬ್ಬರು ಬಳಿಯುತ್ತಾರೆ, ಅಲ್ಲಿಯ ಪದ್ಧತಿ.
ಇಪ್ಪತ್ತಾರರ ಗ್ಲೆಬ್ ಅವೆರ್ಯಾನೊವಿಚ್ ತೊಪೊರ್ಕೊವ್,
ಕೊರೆಯುವ ತಂಡದ ಕಿರಿಯ ಮೇಸ್ತ್ರಿ,
ನಗುತ್ತಾನೆ: ಹಲ್ಲು ಮಾತ್ರ ಬಿಳಿ.
ಹಿಂದೆ, ಹಿಮಸಾರಂಗದ ಹಗ್ಗ ಹಿಡಿದ ಖಾಂತಿ ಮುದುಕ
ನಗುವುದಿಲ್ಲ. ಹೊಳೆಯನ್ನೇ ನೋಡುತ್ತಾನೆ.
ಮುದುಕನನ್ನು ತೆಗೆಯಲು ಯಾರೂ ಹೇಳಿಲ್ಲ,
ಅವನ ಹೆಸರು ಡಬ್ಬದ ಮೇಲೂ ಇಲ್ಲ.

ಆಮೇಲೆ ತೊಂಬತ್ತೆರಡು.
ದೇಶಕ್ಕೆ ದೇಶವೇ ಹಾಲಿನ ಸಾಲಿನಲ್ಲಿ ನಿಂತಿದ್ದಾಗ
ಎಲ್ಲರ ಕೈಗೂ ಒಂದೊಂದು ವೋಚರು ಕೊಟ್ಟರು:
ಇಗೋ, ನಿನ್ನ ಪಾಲಿನ ಕಾರ್ಖಾನೆ, ನಿನ್ನ ಪಾಲಿನ ಭೂಗರ್ಭ.
ನನ್ನದನ್ನು ನಾನು ಎರಡು ಕಿಲೋ ಸಕ್ಕರೆಗೂ
ಮಗುವಿನ ಒಂದು ಜೊತೆ ಬೂಟಿಗೂ ಮಾರಿದೆ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರು ನಾವು;
ಅವನು ರೆಪ್ಪೆ ಬಡಿಯಲಿಲ್ಲ.
ಹೆಪ್ಪುಗಟ್ಟಿದ ಬಸ್ಸಿನಲ್ಲಿ, ಮಡಿಲಲ್ಲಿ ಸೂಟ್‌ಕೇಸು,
ತನ್ನದೇ ತಂಡದವರಿಂದ ಕೊಂಡ,
ವೋದ್ಕಾ ಕೊಟ್ಟು ಕೊಂಡ, ಜಪಾನಿ ಟೀವಿ ಕೊಟ್ಟು ಕೊಂಡ,
ಸತ್ತವನ ಪಾಲನ್ನು ಹೆಂಡತಿಯಿಂದ
ಒಂದು ಲಾರಿ ಸೌದೆಗೆ ಕೊಂಡ.
ಮೋಸವೆ? ಬೆಲೆ ಹೇಳಿದ್ದು ಅವರೇ.
ಬೆಲೆ ಗೊತ್ತಿದ್ದದ್ದು ಅವನಿಗೆ.

ತೊಂಬತ್ತಾರಕ್ಕೆ ಚಾನೆಲ್ಲು ಅವನದಾಯಿತು.
ಮೊದಲ ದಿನವೇ ಮೆಟ್ಟಿಲಿಳಿದು ನನ್ನ ಕೋಣೆಗೆ ಬಂದ,
ಧೂಳಿನ ಕುರ್ಚಿಯಲ್ಲಿ ಹಾಗೇ ಕೂತ.
"ಎಣ್ಣೆ ಕೊಳವೆಯಲ್ಲಿ ಹರಿಯುತ್ತೆ ಕಪಾ, ಮಾತೂ ಅಷ್ಟೇ.
ತಿರುಪು ಯಾರ ಕೈಲಿದೆ, ಅದೊಂದೇ ಲೆಕ್ಕ."
ಆಗ ಸಂಬಳ ಐದನೇ ತಾರೀಖು ತಪ್ಪುತ್ತಿರಲಿಲ್ಲ.
ಸುದ್ದಿಯವರು ಯಾರನ್ನು ಬೇಕಾದರೂ ಜಾಡಿಸುತ್ತಿದ್ದರು,
ಅವನೊಬ್ಬನನ್ನು ಬಿಟ್ಟು.
ಅದನ್ನು ನಾವು ಸ್ವಾತಂತ್ರ್ಯ ಎನ್ನುತ್ತಿದ್ದೆವು.
ಈಗ ಕೂತು ನೋಡಿದರೆ
ಪೂರ್ತಿ ಸುಳ್ಳೇನೂ ಅಲ್ಲ.

ಒಂದು ಫೆಬ್ರವರಿ, ತೆರಿಗೆಯವರು ಬಂದರು,
ಮುಖಕ್ಕೆ ಮುಸುಕು, ಕೈಯಲ್ಲಿ ಬಂದೂಕು.
ಬಾವಿಗಳಿಗೊಂದು ಸಹಿ, ಚಾನೆಲಿಗೊಂದು.
ಬೆಲೆ ಅವನಿಗೆ ಗೊತ್ತಿತ್ತು;
ಹೇಳಿದ್ದು ಮಾತ್ರ ಅವರು.
ಈಗ ಸೈಪ್ರಸ್ಸಿನ ಲಿಮಸೋಲಿನಲ್ಲಿ
ನಿಂಬೆಗಿಡಕ್ಕೆ ಪಾತಿ ಮಾಡುತ್ತಾನಂತೆ.

ರಾತ್ರಿ ಎರಡಕ್ಕೆ ಕೆಲಸ ಮುಗಿಯಿತು.
ನಲವತ್ತಮೂರು ಕಡೆ ಇದ್ದ, ನಲವತ್ತೆರಡು ಕಡೆ ಇಲ್ಲ.
ಒಂದರಲ್ಲಿ ಮಂತ್ರಿಯ ಹೆಗಲ ಮೇಲೊಂದು ಕೈ,
ಉಗುರಿಲ್ಲದ ತೋರುಬೆರಳು, ಕೊರೆಯುವ ಸರಪಳಿ ಕಚ್ಚಿದ್ದು.
ಚೀಟಿಯಲ್ಲಿ ಮುಖ ಎಂದಿತ್ತು. ಕೈ ಎಂದಿರಲಿಲ್ಲ.

ಇನ್ನೊಂದನ್ನು ಅವರ್ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.
ತೊಂಬತ್ತೇಳರಲ್ಲಿ ಹವಾಮಾನ ಓದುವ ರೆಗೀನಾಳಿಗೆ
ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ್ದ:
ಇಲ್ಲೊಂದು ಚುಕ್ಕೆ ಇಡು, ನಮ್ಮೂರು.
ಬಾವಿ ಬತ್ತಿ, ಶಾಲೆ ಮುಚ್ಚಿ, ತಗಡಿನ ಮನೆಗಳನ್ನೂ ಹೊತ್ತೊಯ್ದು
ಊರು ಹೋಗಿ ಹದಿನೆಂಟು ವರ್ಷ.
ಯಜಮಾನರು ಬದಲಾದರೂ ಪಟ್ಟಿ ಬದಲಾಗಲಿಲ್ಲ.
ಒಮ್ಮೆ ಫೋನು ಮಾಡಿ ಕೇಳಿದೆ: ಅಲ್ಲಿ ಚಳಿ ಅಳೆಯುವವರು ಯಾರು?
"ಅಕ್ಕಪಕ್ಕದ ಎರಡು ಊರು ಕೂಡಿಸಿ ಅರ್ಧ ಮಾಡ್ತೀವಿ ತಾಯಿ."

ಹೊಸ ಹುಡುಗಿ ಬೆಳಗಿನ ಸುದ್ದಿಗೆ ಅಭ್ಯಾಸ ಮಾಡುತ್ತಿದ್ದಾಳೆ.
ಕೆಲ್ಮಿ-ಯೋಗನ್ ಎನ್ನುವಾಗ ನಾಲಗೆ ತೊಡರುತ್ತದೆ,
ಮತ್ತೆ ಹೇಳುತ್ತಾಳೆ.
ಮೈನಸ್ ನಲವತ್ತೊಂದು.
ಗಾಳಿ ಇಲ್ಲ.